ಒಂಬತ್ತನೆಯ ಕೋಟು

ಬೆಳಗಿನ ಐದೂವರೆ. ಅಗ್ನಿಶಾಮಕ ಠಾಣೆಯ ಹಿಂಬದಿಯ ಒಗೆಯುವ ಕೋಣೆಯಲ್ಲಿ ಒಂಬತ್ತು ಬಕೆಟ್ಟುಗಳು ಸಾಲಾಗಿ ಕೂತಿವೆ. ಒಂದೊಂದರಲ್ಲೂ ಒಂದು ದಪ್ಪ ಕೋಟು ನೆನೆಯುತ್ತಿದೆ. ರವಿಕೆಯ ತೋಳು ಮಡಚಿಕೊಂಡ ಹೆಂಗಸು ಮೊದಲನೆಯದಕ್ಕೆ ಕೈ ಹಾಕುತ್ತಲೇ ನೀರು ಮಸಿಯಾಗುತ್ತದೆ. ನಿನ್ನೆ ಮರದ ಅಡ್ಡೆಗೆ ಬೆಂಕಿ ಬಿದ್ದಿತ್ತು. ಎಂಟನೆಯದರವರೆಗೂ ಇದೇ ಕತೆ. ಒಂಬತ್ತನೆಯದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೈ ಇಳಿಸುತ್ತಾರೆ. ನೀರು ತಿಳಿಯಾಗಿಯೇ ಇದೆ.

"ನಿನ್ನೆ ಎಲ್ಲೂ ಹೋಗಿಲ್ಲ," ಎನ್ನುತ್ತಾರೆ. ಹೇಳಿದ್ದು ಪತ್ರಿಕೆಗೆ ಬರೆಯಲು ಬಂದ ನನಗೋ, ಕೋಟಿಗೋ ತಿಳಿಯಲಿಲ್ಲ.

ಠಾಣೆಯಲ್ಲಿ ಗಾಡಿ ಹತ್ತುವವರು ಎಂಟೇ ಜನ. ಒಂಬತ್ತನೆಯ ಕೋಟು ಈ ಹೆಂಗಸಿನ ಗಂಡನದು. ಹನ್ನೊಂದು ವರ್ಷದ ಹಿಂದೆ ಗೋದಾಮೊಂದರ ಸೂರು ಕುಸಿದು ಅವರು ತೀರಿಕೊಂಡರು. ಅಂದು ಹಾಕಿಕೊಂಡು ಹೋದ ಕೋಟು ವಾಪಸು ಬರಲಿಲ್ಲ. ಒಗೆಯಲು ಹಾಕಿದ್ದ ಇನ್ನೊಂದು ಉಳಿಯಿತು. ಆಗ ಮಗಳಿಗೆ ಮೂರು ವರ್ಷ, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಠಾಣೆಯವರು ಕರೆದು ಒಗೆಯುವ ಕೆಲಸ ಕೊಟ್ಟರು. ಯಾರೂ ತೊಡದ ಆ ಕೋಟನ್ನೂ ಉಳಿದ ಎಂಟರ ಜೊತೆಗೇ ಒಗೆಯುತ್ತ ಬಂದರು. ಅಂದಿನಿಂದ ಇವರು ಎಲ್ಲರ ಬಾಯಲ್ಲೂ 'ಕೋಟಿನಕ್ಕ'.

ಕೋಟಿನಕ್ಕನ ಕೆಲಸ ನೋಡಿದರೆ ನಮ್ಮಂಥವರ ಸೊಂಟ ಮಾತಾಡತೊಡಗುತ್ತದೆ. ಒಂದು ಕೋಟಿಗೆ ಮೂರು ನೀರು. ನೆನೆದ ಕೋಟು ಎತ್ತಿದರೆ ಮಲಗಿದ ಮಗುವಿನ ಭಾರ. ವರ್ಷಕ್ಕೆ ಸಾವಿರದ ಹತ್ತಿರ ಒಗೆಯುತ್ತಾರೆ. ಅಂಗೈ ಗೆರೆಗಳಲ್ಲಿ ಕೂತ ಕಪ್ಪು ಯಾವ ಸೋಪಿಗೂ ಜಗ್ಗಿಲ್ಲ. ಜೇಬು ತಡಕದೆ ಯಾವುದನ್ನೂ ನೀರಿಗೆ ಹಾಕುವುದಿಲ್ಲ. "ಪೆನ್ನು, ಬೀಗದ ಕೈ, ಅರ್ಧ ತಿಂದ ಬಿಸ್ಕತ್ತು. ಎಲ್ಲಾ ಸಿಗತ್ತೆ. ಬೆಂಕಿ ಆರ್ಸೋರು ಮನೇಲಿ ಒಂದು ಲೋಟ ತೊಳ್ಯಲ್ಲ ನೋಡಿ," ಎಂದು ನಗುತ್ತಾರೆ.

ಈ ಠಾಣೆಯಲ್ಲೊಂದು ಕಟ್ಟುಪಾಡಿದೆ. ಕೆಲಸದಲ್ಲಿ ಸತ್ತವರ ಕೋಟಿನ ನಂಬರನ್ನು ಮನೆಯವರು ಸಹಿ ಹಾಕಿ ಬಿಟ್ಟುಕೊಡುವ ತನಕ ಇನ್ನೊಬ್ಬರಿಗೆ ಕೊಡುವಂತಿಲ್ಲ. ನಂಬರಿನ ಜೊತೆಗೇ ಗಾಡಿಯ ಸೀಟು. ಹೀಗಾಗಿ ಹನ್ನೊಂದು ವರ್ಷದಿಂದ ಗಾಡಿ ಒಂದು ಸೀಟು ಖಾಲಿ ಇಟ್ಟುಕೊಂಡೇ ಓಡುತ್ತಿದೆ. ಅತ್ತೆ ಬದುಕಿರುವ ತನಕ ಸಹಿಯ ಮಾತೇ ಎತ್ತುವಂತಿರಲಿಲ್ಲ. ಅವರು ಹೋಗಿ ಎರಡು ವರ್ಷವಾದರೂ ಕೋಟಿನಕ್ಕನಿಗೆ ಕೈ ಬರಲಿಲ್ಲ. "ಒಬ್ರು ಕಮ್ಮಿ ಹೋಗ್ತಾರೆ ಅಂತ ನಂಗೆ ಗೊತ್ತಿಲ್ವಾ? ಸೈರನ್ ಆದಾಗೆಲ್ಲ ಬಾಗ್ಲಿಗೆ ಬಂದು ಎಂಟು ತಲೆ ಎಣಿಸ್ತಿದ್ದೆ. ಆದ್ರೂ ಸಹಿ ಕಾಗದ ಕೊಟ್ರೆ ಹಾಗೇ ಮಡಚಿ ವಾಪಸ್ ಕೊಡ್ತಿದ್ದೆ."

ಎರಡು ತಿಂಗಳ ಹಿಂದೆ, ಮಧ್ಯಾಹ್ನದ ಹೊತ್ತು, ಹತ್ತಿರದ ಶಾಲೆಯ ಮೂರನೆಯ ಮಹಡಿಗೆ ಬೆಂಕಿ ಬಿತ್ತು. ಎಂಟು ಜನ ಹೋದರು, ಇಪ್ಪತ್ತಮೂರು ಮಕ್ಕಳನ್ನು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಕೋಟಿನಕ್ಕ ಎಂದಿನಂತೆ ಜೇಬು ತಡಕುತ್ತಿದ್ದಾಗ ಒಂಬತ್ತನೆಯದರಲ್ಲಿ ಹಳದಿ ಬಣ್ಣದ ಕೂದಲ ಕ್ಲಿಪ್ಪು ಸಿಕ್ಕಿತು. ನೀರಿಗೆ ಹಾಕಿದರೆ ನೀರು ಕಪ್ಪಾಯಿತು. ಮೂರು ಸಲ ಬದಲಿಸಿದರೂ ಕಪ್ಪು. "ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ತಲೆ ಕೆಟ್ಟಿದೆ ಅಂತಾರೆ. ಬಾಗ್ಲು ಹಾಕ್ಕೊಂಡು ಅತ್ಬಿಟ್ಟೆ."

ವಾರ ಕಳೆದು ಶಾಲೆಯಿಂದ ಕಾರ್ಡುಗಳು ಬಂದವು. ಮುಖವಾಡದ ಹಿಂದಿನ ಮುಖ ಮಕ್ಕಳಿಗೆ ಕಂಡಿಲ್ಲ, ಬೆನ್ನ ಮೇಲಿನ ನಂಬರು ಕಂಡಿದೆ. ಹಾಗಾಗಿ 'ಮೂರನೇ ನಂಬರ್ ಅಂಕಲ್‌ಗೆ', 'ಏಳನೇ ನಂಬರ್ ಅಂಕಲ್‌ಗೆ' ಎಂದು ಬರೆದಿದ್ದರು. ಆರು ಕಾರ್ಡುಗಳು ಒಂಬತ್ತನೆಯ ನಂಬರಿಗೆ. ಆರೂ ಮಕ್ಕಳು ತುದಿಯ ಕೋಣೆಯವರು. ಒಂದನ್ನು ನಾನೇ ಓದಿದೆ: 'ನೀವು ಮಾತೇ ಆಡಲಿಲ್ಲ. ತಲೆ ಮೇಲೆ ಎರಡು ಸಲ ತಟ್ಟಿದಿರಿ. ಆಗ ಭಯ ಹೋಯಿತು. ಬಿದ್ದ ಕ್ಲಿಪ್ಪು ನೀವು ಜೇಬಿಗೆ ಹಾಕಿಕೊಂಡಿರಿ. ಅದು ನಿಮಗೇ ಇರಲಿ.'

ಇಂಥ ಮಾತಿಗೆ ಬೇಗ ಮರುಳಾಗುವ ಆಸಾಮಿ ನಾನಲ್ಲ. ಠಾಣಾಧಿಕಾರಿಯನ್ನು ಹೋಗಿ ಕೇಳಿದೆ. ಗಡಿಬಿಡಿಯಲ್ಲಿ ಯಾರೋ ಆ ಕೋಟು ಹಾಕಿಕೊಂಡಿರಬೇಕು ಎಂದರು. ಹಾಗಾದರೆ ಒಬ್ಬರ ಕೋಟು ಸ್ವಚ್ಛವಾಗಿ ಉಳಿಯಬೇಕಿತ್ತಲ್ಲ ಎಂದೆ. ಚಹಾದ ಲೋಟ ಕೆಳಗಿಟ್ಟರು. "ಎಂಟೂ ಮಸಿ ಹಿಡಿದಿತ್ತು. ಲೆಕ್ಕ ಕೂಡಲ್ಲ, ಬಿಡಿ. ಇದನ್ನ ಬರೀಬೇಡಿ." ಬರೆದಿದ್ದೇನೆ, ಅವರು ಕ್ಷಮಿಸಬೇಕು. ತಲೆ ತಟ್ಟುವ ಮಾತು ಕೇಳಿದಾಗ ಅವರ ಮುಖವೂ ಬಿಳಿಚಿಕೊಂಡಿತು. ಹಾಗೆ ತಟ್ಟುತ್ತಿದ್ದವರು ಯಾರೆಂದು ಹಳಬರಿಗೆಲ್ಲ ಗೊತ್ತು.

ಹೋದ ವಾರ ಮಕ್ಕಳು ಖುದ್ದಾಗಿ ಥ್ಯಾಂಕ್ಸ್ ಹೇಳಲು ಬಂದರು. ಎಂಟು ಜನ ಅಂಗಳದಲ್ಲಿ ಸಾಲಾಗಿ ನಿಂತರು. ಕೂದಲಿಗೆ ಒಂದೇ ಹಳದಿ ಕ್ಲಿಪ್ಪು ಹಾಕಿದ್ದ ಎರಡನೇ ತರಗತಿಯ ಹುಡುಗಿ ಒಬ್ಬೊಬ್ಬರ ಮುಂದೆಯೂ ನಿಂತು, ಇವರಲ್ಲ ಎಂಬಂತೆ ತಲೆಯಾಡಿಸಿ, ಯಾರೂ ದಾರಿ ತೋರಿಸದಿದ್ದರೂ ನೇರವಾಗಿ ಒಗೆಯುವ ಕೋಣೆಗೆ ನಡೆದಳು. ಹಗ್ಗದ ಮೇಲಿದ್ದ ಒಂಬತ್ತನೆಯ ಕೋಟಿನ ತೋಳು ಹಿಡಿದು, "ಥ್ಯಾಂಕ್ಸ್ ಅಂಕಲ್," ಎಂದಳು. ಕೈ ಬಿಟ್ಟ ಮೇಲೂ ತೋಳು ಎರಡು ಸಲ ಅಲುಗಿತು. ಅವಳು ಎಳೆದದ್ದಕ್ಕೇ ಅಲುಗಿತು ಎಂದು ಪುಸ್ತಕದಲ್ಲಿ ಬರೆದುಕೊಂಡೆ, ಆಮೇಲೆ ಆ ಸಾಲು ಹೊಡೆದುಹಾಕಿದೆ.

ಕೋಟಿನಕ್ಕ ಕ್ಲಿಪ್ಪು ತಂದು ಕೊಡಹೋದರು. "ಬೇಡ ಆಂಟಿ, ಅವ್ರಿಗೇ ಇರ್ಲಿ ಅಂತ ಬರ್ದಿದ್ದೀನಲ್ಲ," ಎಂದಳು ಹುಡುಗಿ. ಕ್ಲಿಪ್ಪು ಮತ್ತೆ ಕೋಟಿನ ಜೇಬು ಸೇರಿತು.

ಅವತ್ತು ಸಾಯಂಕಾಲ ಕೋಟಿನಕ್ಕ ಆಫೀಸಿಗೆ ಹೋಗಿ ಸಹಿ ಹಾಕಿದರು.

"ಸೀಟು ಖಾಲಿ ಬಿಟ್ರೆ ಅವ್ರೇ ಹೋಗ್ಬೇಕಾಗತ್ತೆ ಅಲ್ವಾ? ಹನ್ನೊಂದು ವರ್ಷ ಆಯ್ತು. ದಣಿದಿರ್ತಾರೆ. ಇನ್ನು ಮನೇಗೆ ಬರ್ಲಿ."

ಸೋಮವಾರ ಹೊಸಬರು ಬರುತ್ತಾರೆ, ಹೊಸ ಕೋಟಿನೊಂದಿಗೆ. ಹಳೆಯದಕ್ಕೆ ಠಾಣೆಯಲ್ಲಿ ಇದೇ ಕೊನೆಯ ಒಗೆತ. ಕೋಟಿನಕ್ಕ ಅದನ್ನು ಹಿಂಡಿ, ಕೊಡವಿ, ಕಾಲರು ನೇರ ಮಾಡಿ ಹಗ್ಗಕ್ಕೆ ಹಾಕುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹೊಸಬ್ರಿಗೆ ಒಂದು ಮಾತು ಹೇಳ್ಬೇಕು. ಮಕ್ಕಳನ್ನ ಎತ್ಕೊಂಡಾಗ ತಲೆ ಮೇಲೆ ಎರಡು ಸಲ ತಟ್ಟಿ ಅಂತ. ಒಂಬತ್ತನೇ ನಂಬರ್ ಅಂದ್ರೆ ಹಾಗೆ ತಟ್ಟೋರು ಅಂತ ಆ ಮಕ್ಕಳು ನಂಬಿದಾರೆ."