ಕೋಚ್ ಅವರ ಬಲ ಮೊಣಕಾಲು

ಅವರ ಬಲ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ತೊಡೆಯಿಂದ ಹೊರಟು ಚಿಪ್ಪನ್ನು ಬಳಸಿ ಇಳಿಯುವ ಹೊಲಿಗೆಯ ಗುರುತು ಗೋಣಿಚೀಲದ ಬಾಯಿ ಹೊಲಿದ ಹಾಗೆ ಒರಟೊರಟಾಗಿತ್ತು. ಮೆಟ್ಟಿಲು ಹತ್ತುವಾಗ ಒಳಗೆ ಏನೋ ಲಟಕ್ಕೆನ್ನುತ್ತಿತ್ತು. ದೋಹಾದ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ನಾನು ಎಷ್ಟೋ ಮೊಣಕಾಲುಗಳನ್ನು ಒತ್ತಿ ತಿರುವಿ ನೋಡಿದ್ದೇನೆ. ಅಷ್ಟು ಹಾಳಾದದ್ದನ್ನು ಕಂಡಿಲ್ಲ. "ಯಾರು ಹೀಗೆ ಮಾಡಿದ್ದು?" ಎಂದು ಮೊದಲ ದಿನ ಕೇಳಿದಾಗ ಅವರು ತಮ್ಮ ಎದೆಯ ಕಡೆಗೇ ಬೆರಳು ತೋರಿಸಿದರು.

ತೊಂಬತ್ತರ ದಶಕದ ನಡುವೆ ಚೀನಾದಿಂದ ನಮ್ಮ ಕ್ಲಬ್ಬಿಗೆ ಬಂದ ಕೋಚ್ ಅವರು. ಪ್ರಾಯದಲ್ಲಿ ತಮ್ಮ ಪ್ರಾಂತಕ್ಕೇ ಹೆಸರಾದ ಆಟಗಾರ. ನೋಯುತ್ತಿದ್ದ ಕಾಲಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಒಂದು ದೊಡ್ಡ ಪಂದ್ಯ ಆಡಿದರು, ಗೆದ್ದರು, ಮತ್ತೆಂದೂ ಆಡಲಿಲ್ಲ. ಊರಿನ ಕಾರ್ಖಾನೆಯ ಗೋದಾಮಿನಲ್ಲಿ ಪೆಟ್ಟಿಗೆ ಸಾಗಿಸುವ ಕೆಲಸಕ್ಕೆ ಅವರನ್ನು ಹಾಕಿದರು. ಅಲ್ಲಿದ್ದುಕೊಂಡೇ ವರ್ಷಗಟ್ಟಲೆ ಕಲಿತು, ಶಾಲೆ ಮಕ್ಕಳಿಗೆ ಆಟ ಹೇಳಿಕೊಟ್ಟು, ಕೊನೆಗೆ ಕೋಚ್ ಎನಿಸಿಕೊಂಡು ಮೈದಾನಕ್ಕೆ ಮರಳಿದ್ದು ಈ ಮರಳುಗಾಡಿನಲ್ಲಿ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. "ಇದೂ ಹೋದರೆ ಮತ್ತೆ ಗೋದಾಮು" ಎಂದು ತಮ್ಮ ತುಂಡು ಇಂಗ್ಲಿಷಿನಲ್ಲಿ ನಗುತ್ತ ಹೇಳುತ್ತಿದ್ದರು. ಆ ನಗು ನನಗೆ ಯಾವತ್ತೂ ಸರಿಬರಲಿಲ್ಲ.

ದಿನಾ ಸಂಜೆ ಹುಲ್ಲಿಗೆ ನೀರು ಬಿಟ್ಟಾದ ಮೇಲೆ ಬೂಟು ಕಳಚಿ, ಕುಂಟುತ್ತ ಬರಿಗಾಲಲ್ಲಿ ಮೈದಾನಕ್ಕೆ ಒಂದು ಸುತ್ತು ಬರುತ್ತಿದ್ದರು. ಹುಲ್ಲು ನೋಡಿಕೊಳ್ಳುವ ಮಲಯಾಳಿ ನನ್ನ ಹತ್ತಿರ ಬಂದು, "ಸಾರೇ, ಈ ಮನುಷ್ಯ ಹುಲ್ಲಿನ ಹತ್ತಿರ ಮಾತಾಡ್ತಾನೆ, ನೋಡಿದ್ರಾ?" ಎಂದು ನಗುತ್ತಿದ್ದ. ಜೂನ್ ತಿಂಗಳ ಬೆಂಕಿಯಂಥ ಬಿಸಿಲಲ್ಲೂ ಫ್ಲಾಸ್ಕಿನಿಂದ ಬಿಸಿನೀರೇ ಕುಡಿಯುವ ಆಸಾಮಿ ಹುಲ್ಲಿನ ಹತ್ತಿರ ಮಾತಾಡುವುದು ಹೆಚ್ಚಲ್ಲ ಬಿಡು ಎಂದಿದ್ದೆ ನಾನು.

ಮದೀನತ್ ಖಲೀಫಾ ಬಡಾವಣೆಯಲ್ಲಿ ನಮ್ಮದೇ ವಿಲ್ಲಾದ ಹಿಂದಿನ ಕೋಣೆ ಅವರದು. ಒಂದು ಶುಕ್ರವಾರ ಅವರಿಗೆ ಜ್ವರವೆಂದು ನನ್ನ ಹೆಂಡತಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು ಕಳಿಸಿದಳು. ಬಟ್ಟಲು ತೊಳೆದು ತಂದುಕೊಟ್ಟವರು ಬಾಗಿಲಲ್ಲೇ ನಿಂತರು. ಇನ್ನೂ ಬೇಕೆಂದು ಬಾಯಿಬಿಟ್ಟು ಕೇಳಲು ಸಂಕೋಚ.

"ಎಂತ ಮಾರಾಯ್ರೆ, ಚೀನಾದವರಿಗೂ ಗಂಜಿ ಉಂಟಾ? ನಾನು ನಮ್ಮ ಉಡುಪಿ ಬದಿಯಲ್ಲಿ ಮಾತ್ರ ಅಂತ ಗ್ರಹಿಸಿದ್ದು!" ಎಂದಳು ಇವಳು. ಆಮೇಲೆ ಪ್ರತಿ ಶುಕ್ರವಾರ ಅವರ ಊಟ ನಮ್ಮಲ್ಲಿ. ನೆಲದ ಮೇಲೆ ಆ ಕಾಲನ್ನು ನೀಟಾಗಿ ಚಾಚಿ ಕೂರುತ್ತಿದ್ದರು. ನಮ್ಮ ಮಕ್ಕಳು ಅದನ್ನು ದಾಟದೆ ಸುತ್ತಿ ಹೋಗುವುದನ್ನು ತಾವಾಗಿಯೇ ಕಲಿತರು.

ಎರಡನೆಯ ವರ್ಷ ನಮ್ಮ ತಂಡ ಕಪ್ ಫೈನಲ್ ತಲುಪಿತು. ಗೆದ್ದರೆ ಅವರಿಗೆ ಹೊಸ ಕಾಂಟ್ರಾಕ್ಟ್. ಸೋತರೆ ಕೊಲ್ಲಿಯ ಕ್ಲಬ್ಬುಗಳಲ್ಲಿ ಕೋಚಿನ ಪಾಡೇನೆಂದು ಎಲ್ಲರಿಗೂ ಗೊತ್ತು. ಪಂದ್ಯಕ್ಕೆ ಮೂರು ದಿನವಿರುವಾಗ ನಮ್ಮ ಸ್ಟ್ರೈಕರ್ ಮೊಣಕಾಲು ಉಳುಕಿದೆಯೆಂದು ನನ್ನ ಮೇಜಿನ ಮೇಲೆ ಮಲಗಿದ. ಒತ್ತಿ ನೋಡಿದೆ. ಉಳುಕಲ್ಲ, ಎಲುಬುಗಳನ್ನು ಹಿಡಿದಿಡುವ ಒಳಗಿನ ಕಟ್ಟು ಅರ್ಧ ಹರಿದಿತ್ತು. ನೇರ ಕೋಚ್ ಬಳಿ ಹೋದೆ.

"ಇಂಜೆಕ್ಷನ್ ಕೊಟ್ಟರೆ ಆಡುತ್ತಾನಾ?" ಎಂದರು.

"ಆ ದಿನ ಆಡುತ್ತಾನೆ. ಆಮೇಲೆ ಇಲ್ಲ."

ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿದರು, ಕುಡಿಯಲಿಲ್ಲ. "ಯಾರಿಗೂ ಹೇಳಬೇಡ. ಅವನಿಗಂತೂ ಹೇಳಲೇಬೇಡ. ಗೊತ್ತಾದರೆ ಅವನೇ ಇಂಜೆಕ್ಷನ್ ಕೇಳುತ್ತಾನೆ. ನಾನೂ ಕೇಳಿದ್ದೆ."

ಫೈನಲ್‌ನ ಪಟ್ಟಿಯಲ್ಲಿ ಸ್ಟ್ರೈಕರ್‌ನ ಹೆಸರಿಲ್ಲದ್ದು ಕಂಡು ಕ್ಲಬ್ಬಿನ ಮ್ಯಾನೇಜರ್ ಹಾರಾಡಿಬಿಟ್ಟ. "ಯಾಕೆ? ಈ ಫಿಸಿಯೋ ಏನಾದರೂ ಹೇಳಿದನಾ?" ಎಂದು ನನ್ನ ಕಡೆ ತಿರುಗಿದ. ನನ್ನ ವೀಸಾ ಅವನ ಕೈಯಲ್ಲಿತ್ತು, ಹೌದೆಂದರೆ ಕೆಲಸ ಹೋಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೋಚ್ ಹೇಳಿದರು: "ಇವನೇನೂ ಹೇಳಿಲ್ಲ. ಅವನ ಆಟ ನನಗೆ ಹಿಡಿಸುತ್ತಿಲ್ಲ, ಅಷ್ಟೇ."

ಸ್ಟ್ರೈಕರ್ ಅದನ್ನು ಕೇಳಿಸಿಕೊಂಡ. ಅಂಗಿ ಕಳಚಿ ಅವರ ಕಾಲಬುಡಕ್ಕೆ ಎಸೆದು ಹೊರಟುಹೋದ. ನಾವು ಒಂದು ಗೋಲಿನಿಂದ ಸೋತೆವು. ಮರುದಿನ ಬೆಳಿಗ್ಗೆ ಮ್ಯಾನೇಜರ್ ಕುರ್ಚಿಯಿಂದ ಏಳದೆಯೇ ಕೋಚ್ ಅವರಿಗೆ, "ಖಲಾಸ್, ಮಿಸ್ಟರ್" ಎಂದ.

ಏರ್‌ಪೋರ್ಟಿಗೆ ಹೊರಟಾಗ ಕೋಚ್, ಮೊದಲು ಮೈದಾನಕ್ಕೆ ಹೋಗೋಣ ಎಂದರು. ಬೂಟು ಕಳಚಿ ಕೊನೆಯ ಸುತ್ತು ಬಂದರು. ತನ್ನ ಬ್ಯಾಗು ಒಯ್ಯಲು ಬಂದಿದ್ದ ಸ್ಟ್ರೈಕರ್ ಎದುರಾದ. ಕೋಚ್ ಕೈ ಚಾಚಿದರು. ಅವನು ಆ ಕೈಯನ್ನು ನೋಡಿದ, ಕಾರು ಹತ್ತಿದ. ನನಗೆ ತಡೆಯಲಾಗಲಿಲ್ಲ, ಕೂಗಿ ಹೇಳಿಬಿಡೋಣ ಎಂದು ಮುಂದೆ ಹೋದೆ. ಅವರು ನನ್ನ ಭುಜ ಹಿಡಿದು ನಿಲ್ಲಿಸಿದರು.

"ಕೋಪ ಇಳಿಯುತ್ತದೆ. ಕಾಲು ಹೋದರೆ ಬರುವುದಿಲ್ಲ. ಅವನು ಆಟ ಬಿಡುವ ದಿನ ಬೇಕಾದರೆ ಹೇಳು."

ಪಂದ್ಯಗಳ ಕಾಲ ಮುಗಿದ ಮೇಲೆ ಹರಿದ ಕಟ್ಟಿನ ವಿಷಯ ಅವನಿಗೆ ತಿಳಿಸಿದೆ, ಅದು ಕೋಚ್ ಅವರಿಗೆ ಮೊದಲೇ ಗೊತ್ತಿತ್ತೆಂಬುದನ್ನು ಬಿಟ್ಟು. ಆ ಬೇಸಿಗೆ ಸ್ಟ್ರೈಕರ್‌ನ ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಆ ಕಾಲನ್ನು ಉಜ್ಜಿ ನಡೆಸಿದವನು ನಾನೇ. ಅವನು ಕೋಚ್ ಅವರನ್ನು ಬಯ್ಯುತ್ತಿದ್ದ, ನಾನು ತುಟಿ ಹೊಲಿದುಕೊಂಡು ಎಣ್ಣೆ ತಿಕ್ಕುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ಕೋಚ್ ತೀರಿಕೊಂಡ ಸುದ್ದಿ ತಂದವನು ದೋಹಾದ ಚೀನೀ ಹೋಟೆಲಿನಲ್ಲಿ ಅಡುಗೆಗಿದ್ದ ಅವರ ಊರಿನವನು. ಸೋತ ಕೋಚನ್ನು ಯಾರೂ ಕರೆಯಲಿಲ್ಲವಂತೆ. ಮತ್ತೆ ಅದೇ ಗೋದಾಮು, ಅಲ್ಲಿಯೇ ಕಾಯಿಲೆ. ಗೋದಾಮಿನ ಹಿತ್ತಲೂ ಸಿಮೆಂಟಿನದೇ, ಒಂದು ಎಸಳು ಹುಲ್ಲಿರಲಿಲ್ಲ ಎಂದ. ಆ ಶುಕ್ರವಾರ ಇವಳು ಗಂಜಿ ಬಡಿಸಿದವಳು ತಾನು ಕೂರಲಿಲ್ಲ. "ನೀವು ಉಣ್ಣಿ. ನನಗೆ ಇಳಿಯುದಿಲ್ಲ" ಎಂದು ಒಳಗೆ ಹೋದಳು. ನನಗೂ ಇಳಿಯಲಿಲ್ಲ. ನನ್ನ ಮಕ್ಕಳು ಓದಿ ದೊಡ್ಡವರಾದದ್ದು ಆ ಮನುಷ್ಯ ಹೇಳಿದ ಒಂದು ಸುಳ್ಳಿನಿಂದ.

ಸ್ಟ್ರೈಕರ್ ಇನ್ನೂ ಎಷ್ಟೋ ವರ್ಷ ಆಡಿದ. ಆಟ ಬಿಟ್ಟ ದಿನ, ಕೊರಳ ತುಂಬ ಹಾರ ಹಾಕಿಕೊಂಡು ನನ್ನ ಮೇಜಿನ ಮೇಲೆ ಬಂದು ಕೂತಾಗ ಎಲ್ಲವನ್ನೂ ಹೇಳಿದೆ. ಕೊರಳ ಹಾರಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಫೋನ್ ತೆಗೆದು, "ಯಲ್ಲಾ, ಬೇಗ ಅವರ ನಂಬರ್ ಕೊಡು. ಈಗಲೇ ಮಾತಾಡುತ್ತೇನೆ" ಎಂದ.

"ಅವರಿಲ್ಲ" ಎಂದೆ.

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಅಂದು ಚಾಚದೆ ಹೋದ ಕೈ. ಆಮೇಲೆ ತಲೆಯೆತ್ತದೆ ಕೇಳಿದ: "ಅವರು ಮಲಗಿರುವಲ್ಲಿ ಹುಲ್ಲಿದೆಯಾ?"

ಆ ಊರನ್ನು ನಾನು ಕಂಡವನಲ್ಲ. "ಇದೆ" ಎಂದೆ. "ಒಳ್ಳೆಯ ಹುಲ್ಲು."