ಕಪ್ಪಾದ ಹದಿನಾಲ್ಕು ಕೂಪನ್

ಕೋವಿಡ್ ಮುಗಿದ ಮರುವರ್ಷ ನಾನು ಸಿರುಗುಪ್ಪದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಬ್ರಾಂಚ್ ಮ್ಯಾನೇಜರ್ ಆಗಿದ್ದೆ. ಹೆಡ್ ಆಫೀಸು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಅಲ್ಲಿ ಎ.ಸಿ. ಕೆಳಗೆ ಕೂತಿದ್ದ ನಮ್ಮ ಮಾರ್ಕೆಟಿಂಗ್ ಹೆಡ್ ಎಂಬ ಮಹಾಶಯ ಜೀವಮಾನದಲ್ಲಿ ಒಂದು ಕಿಲೋ ಬೇಳೆ ಕೊಂಡು ಮನೆಗೆ ಹೊತ್ತವನಲ್ಲ. ಅವನು 'ಗೃಹಿಣಿಯರ ಉಳಿತಾಯ ಯೋಜನೆ' ಹೊರಡಿಸಿದ. ಎರಡು ಸಾವಿರದ ಸಾಮಾನು ಕೊಂಡರೆ ಬಿಲ್ಲಿನ ಕೆಳಗೇ ನೂರು ರೂಪಾಯಿಯ ಕೂಪನ್ ಅಚ್ಚಾಗಿ ಬರುತ್ತಿತ್ತು. ವರ್ಷದೊಳಗೆ ಎಷ್ಟಾದರೂ ಕೂಡಿಸಿಟ್ಟು ಒಂದೇ ಸಲ ಹಾಕಬಹುದು.

ಉಳಿತಾಯವಂತೆ, ಉಳಿತಾಯ! ಬಿಲ್ ಅಚ್ಚಾಗುತ್ತಿದ್ದದ್ದು ಥರ್ಮಲ್ ಪೇಪರಿನ ಮೇಲೆ. ಅದಕ್ಕೆ ಶಾಯಿ ಇಲ್ಲ. ಬಿಸಿ ತಾಗಿದ ಕಡೆ ಕಾಗದ ಕಪ್ಪಾಗಿ ಅಕ್ಷರ ಮೂಡುತ್ತದೆ, ಅಷ್ಟೇ. ನಮ್ಮ ಸೀಮೆಯ ಸೆಕೆಗೆ ಆ ಅಕ್ಷರ ಆರೇಳು ತಿಂಗಳಿಗೇ ಮಾಸತೊಡಗುತ್ತದೆ. ಕೂಪನ್ನಿನ ವಾಯಿದೆ ಮಾತ್ರ ಒಂದು ವರ್ಷ. ಮೀಟಿಂಗಿನಲ್ಲಿ ಒಮ್ಮೆ ಈ ಮಾತು ತೆಗೆದೆ. "ವಾಪಸ್ ಬರದ ಕೂಪನ್ನೇ ನಮಗೆ ಲಾಭ ಕಣ್ರೀ" ಎಂದು ಮಹಾಶಯ ನಕ್ಕ. ಮ್ಯಾನೇಜರುಗಳೆಲ್ಲ ಹಲ್ಲು ಕಿರಿದೆವು. ನಾನೂ ಕಿರಿದೆ.

ಸಿರಿಗೇರಿಯ ಹುಲಿಗೆಮ್ಮ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದಳು. ಅವಳೊಬ್ಬಳ ಮನೆಗೆ ಎರಡು ಸಾವಿರದ ಸಾಮಾನು ಎಲ್ಲಿ ಬೇಕು? ಓಣಿಯ ನಾಲ್ಕು ಮನೆಯವರ ಚೀಟಿ ಸೇರಿಸಿ ಒಂದೇ ಬಿಲ್ ಮಾಡಿಸುತ್ತಿದ್ದಳು. ಎರಡು ಕೈಯಲ್ಲಿ ಎರಡು ಚೀಲ ಹೊತ್ತು ಎಲ್ಲರ ಮನೆಗೂ ಮುಟ್ಟಿಸಿದ್ದಕ್ಕೆ ಕೂಪನ್ ಅವಳ ಪಾಲಿಗೆ. ಮಹಾಶಯನ ಎಂ.ಬಿ.ಎ. ತಲೆಗೆ ಇಂಥದ್ದು ಹೊಳೆದಿರಲಿಲ್ಲ.

ಒಂದು ದಿನ, ಕೂಡಿಸಿಟ್ಟಿದ್ದ ಹದಿನಾಲ್ಕು ಕೂಪನ್ನುಗಳನ್ನು ನನ್ನ ಟೇಬಲ್ಲಿನ ಮೇಲೆ ಹರಡಿದಳು. "ಸರ, ಅಕ್ಷರ ಮಾಸಾಕ ಹತ್ಯಾವು ನೋಡ್ರಿ. ಮುಂದಿನ ತಿಂಗಳು ಮಗಳ ಕುಬಸ ಐತಿ. ಕುರುಗೋಡಿಗೆ ಬುತ್ತಿ ಒಯ್ಯಬೇಕು. ಅಲ್ಲೀತನಕ ಇರತಾವಲ್ರಿ?"

ಚೊಚ್ಚಲ ಬಸುರಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಬೀಗರ ಮನೆಗೆ ಬುತ್ತಿ ಹೊರಬೇಕು. ಹೋಳಿಗಿ, ಕರ್ಚಿಕಾಯಿ, ಉಂಡಿ, ನಾಲ್ಕೈದು ಥರದ ಅನ್ನ. ಬುಟ್ಟಿ ಬಿಚ್ಚುವುದು ಬೀಗರ ಓಣಿಯ ಹೆಂಗಸರೆಲ್ಲರ ಕಣ್ಣೆದುರಿಗೆ. ಕಡಿಮೆಯಾದರೆ ಆ ಮಾತನ್ನು ಮಗಳು ಬಾಳೆಲ್ಲ ಕೇಳಬೇಕು.

'ಇವತ್ತೇ ಹಾಕಿಬಿಡ್ರಿ' ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಕಣ್ಣು ಸ್ಟಾಕ್ ರಿಪೋರ್ಟಿನ ಮೇಲಿತ್ತು. "ಜೋಪಾನ ಮಾಡ್ರಿ ಅಮ್ಮಾ" ಅಂದೆ.

ಅವಳು ಜೋಪಾನ ಮಾಡಿದಳು. ಆಧಾರ್ ಕಾರ್ಡು, ರೇಷನ್ ಕಾರ್ಡು ಜೋಪಾನ ಮಾಡಿದ ಹಾಗೆಯೇ ಬಸ್ ಸ್ಟ್ಯಾಂಡ್ ಬಳಿಯ ಜೆರಾಕ್ಸ್ ಅಂಗಡಿಗೆ ಹೋಗಿ ಹದಿನಾಲ್ಕನ್ನೂ ಒಟ್ಟಿಗೆ ಲ್ಯಾಮಿನೇಷನ್ ಮಾಡಿಸಿದಳು. ಆ ಮಷೀನಿನ ಬಿಸಿಗೆ ಥರ್ಮಲ್ ಪೇಪರ್ ಪೂರ್ತಿ ಕಪ್ಪಾಯಿತು. 'ನಂಬರ್ ಒಳಗ ಇರತೈತಿ, ಸ್ಕ್ಯಾನರ್ ಓದತೈತಿ' ಎಂದು ಜೆರಾಕ್ಸಿನವನು ಸಾಗಹಾಕಿದ್ದನಂತೆ.

ಕುಬಸಕ್ಕೆ ಎರಡು ದಿನ ಇರುವಾಗ ಬಂದಳು. ತಳ್ಳುಗಾಡಿಯ ತುಂಬ ಕಡಲೆಬೇಳೆ, ಬೆಲ್ಲ, ತುಪ್ಪ, ಗೋಡಂಬಿ, ಒಣಕೊಬ್ಬರಿ. ಸ್ಕ್ಯಾನರ್ ಏನೂ ಓದಲಿಲ್ಲ. ಅವಳ ಮೊಬೈಲ್ ನಂಬರ್ ಹಾಕಿದರೆ ನಮ್ಮ ಕಂಪ್ಯೂಟರಿನಲ್ಲಿ ಹದಿನಾಲ್ಕು ಬಿಲ್ಲೂ ಸರಿಯಾಗಿ ಕಾಣುತ್ತಿದ್ದವು. ಮಹಾಶಯನಿಗೆ ಫೋನ್ ಮಾಡಿದೆ. "ಓದಲು ಬರುವ ಕೂಪನ್ ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ. ಲ್ಯಾಮಿನೇಷನ್ ಮಾಡಿಸು ಅಂತ ಅವಳಿಗೆ ಹೇಳಿದವರ್ಯಾರು?" ಅಂದು ಇಟ್ಟುಬಿಟ್ಟ. ಥೂ ಅವನ!

ಆದರೆ ಮ್ಯಾನೇಜರ್ ಡಿಸ್ಕೌಂಟ್ ಅಂತ ಒಂದಿತ್ತು. ನನ್ನ ಐ.ಡಿ. ಒತ್ತಿದರೆ ಬಿಲ್ಲಿನಲ್ಲಿ ರಿಯಾಯಿತಿ ಇಳಿಯುತ್ತಿತ್ತು. ಮಾಲೀಕರ ಬೀಗರಿಗೆ, ಅವರ ಗೆಳೆಯರಿಗೆ ಅದನ್ನು ನಗುನಗುತ್ತಾ ಒತ್ತಿದ್ದೇನೆ. ಅವತ್ತು ಒತ್ತಲಿಲ್ಲ. ಮೇಲಿನವರು ಕೇಳಿದರೆ ಏನು ಹೇಳಲಿ ಎಂಬ ಪುಕ್ಕಲುತನ, ಬೇರೇನಿಲ್ಲ.

ಹುಲಿಗೆಮ್ಮ ಜಗಳ ಆಡಲಿಲ್ಲ. ತುಪ್ಪ, ಗೋಡಂಬಿ, ಕೊಬ್ಬರಿಯನ್ನು ಒಂದೊಂದಾಗಿ ತಾನೇ ಒಯ್ದು ಅವುಗಳ ಜಾಗದಲ್ಲಿಟ್ಟಳು. ಬೇಳೆ, ಬೆಲ್ಲಕ್ಕೆ ಮಾತ್ರ ದುಡ್ಡು ಕೊಟ್ಟಳು. ಆಮೇಲೆ ಆ ಕಪ್ಪು ಹಾಳೆಯನ್ನು ನನ್ನ ಟೇಬಲ್ಲಿನ ಮೇಲಿಟ್ಟಳು.

"ತಗೊಳ್ರಿ ಸರ. ಇನ್ನ ನೀವು ಜೋಪಾನ ಮಾಡ್ರಿ."

ಮತ್ತೆ ಅವಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನಾನು ನಿವೃತ್ತನಾದೆ. ಹಾಳೆ ನನ್ನ ಬೀರುವಿನಲ್ಲೇ ಇದೆ, ಒಂದು ಮೂಲೆಯೂ ಮುಕ್ಕಾಗಿಲ್ಲ. ಗಿರಾಕಿಗೆ ಮೋಸ ಮಾಡಲು ಸುಳ್ಳು ಹೇಳಲೇಬೇಕೆಂದಿಲ್ಲ, ಗೊತ್ತಿದ್ದ ಮಾತನ್ನು ನುಂಗಿಕೊಂಡರೆ ಸಾಕು ಎನ್ನುವುದನ್ನು ಆ ಕೆಲಸ ನನಗೆ ಕಲಿಸಿತು. ಮಹಾಶಯನನ್ನು ಇವತ್ತಿಗೂ ಬಾಯಿತುಂಬ ಬೈಯುತ್ತೇನೆ. ಆದರೆ ಅವನು ಹುಲಿಗೆಮ್ಮನ ಮುಖವನ್ನೇ ನೋಡಿರಲಿಲ್ಲ. ನಾನು ನೋಡಿದ್ದೆ.