ಮೇಡಂ ಅವರ ಫೈಲುಗಳು

ಹುನಗುಂದದ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಅಲ್ಲೇ ಇತಿಹಾಸ ಹೇಳುವ ಮೇಡಂ ಒಬ್ಬರು ಇಳಕಲ್ಲಿನಿಂದ ದಿನಾ ಬಸ್ಸಿಗೆ ಬರುತ್ತಾರೆ. ಅವರು ಹೊಸ ಲ್ಯಾಪ್‌ಟಾಪ್ ಕೊಂಡಾಗ, ಹಳೆಯದರಲ್ಲಿದ್ದ ಎಲ್ಲವನ್ನೂ ಅದಕ್ಕೆ ಹಾಕಿಕೊಡಲು ನನ್ನನ್ನು ಕೇಳಿದರು. ಅಂಗಡಿಯವರ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಭಾನುವಾರ ಮನೆಯಲ್ಲಿ ಕೂತು ಮಾಡಿದೆ. ಕನ್ನಡ ಕೀಬೋರ್ಡು, ಇಮೇಲು, ಪಾಠದ ಟಿಪ್ಪಣಿ, ಬಾದಾಮಿ ಗುಹೆಗಳ ನೂರಾರು ಫೋಟೊ, ಎಲ್ಲ ಬಂದವು. ಸರಿಯಾಗಿ ಬಂದಿವೆಯೇ ಎಂದು ಒಂದೆರಡು ಫೈಲು ತೆರೆದು ನೋಡುವುದು ರೂಢಿ. ಹಾಗೆ ತೆರೆದದ್ದು ಬಾಗಲಕೋಟೆಯ ಆಸ್ಪತ್ರೆಯೊಂದರ ವರದಿ. ಮೇಡಂಗೆ ಎದೆಯ ಕ್ಯಾನ್ಸರ್ ಇತ್ತು. ಅಲ್ಲಿಗೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಉಳಿದ ವರದಿಗಳನ್ನೂ ಒಂದೊಂದಾಗಿ ಓದಿದೆ. ಅದಕ್ಕೆ ಯಾವ ನೆಪವೂ ಇರಲಿಲ್ಲ.

ಹೆಂಡತಿಗೆ ಹೇಳಿದೆ, ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಅವಳು ಮರುಕದಿಂದ ಇಳಕಲ್ಲಿನ ತನ್ನ ಅಕ್ಕನಿಗೆ ಹೇಳಿದಳು. ಆ ಅಕ್ಕನ ಮನೆ ಮೇಡಂ ಅವರ ಓಣಿಯಲ್ಲೇ ಇತ್ತು. ವಾರದೊಳಗೆ ಅಕ್ಕಪಕ್ಕದವರು ಮೇಡಂ ಅವರ ತಾಯಿಯನ್ನು ಮಾತಾಡಿಸಲು ಬಂದರು. ಆ ತಾಯಿಗೆ ಅಲ್ಲಿಯವರೆಗೂ ಏನೂ ಗೊತ್ತಿರಲಿಲ್ಲ.

ಮರುದಿನ ಮೇಡಂ ಲ್ಯಾಬಿಗೆ ಬಂದರು.

"ಸರ್, ನನ್ನ ರಿಪೋರ್ಟ್ ತಗದು ನೋಡಿದ್ರೇನ್ರಿ?"

"ಇಲ್ರಿ ಮೇಡಂ. ಬರೇ ಕಾಪಿ ಮಾಡೀನಿ."

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಕ್ಲಾಸಿಗೆ ಹೋದರು.

ಆಪರೇಷನ್ ಆಗಿ ಅವರು ರಜೆಯಲ್ಲಿದ್ದಾಗ, ತಡೆಯಲಾಗದೆ ಇಳಕಲ್ಲಿಗೆ ಹೋದೆ. ತಾಯಿ ಚಹಾ ಮಾಡಲು ಒಳಗೆ ಹೋದ ಮೇಲೆ, ಎಲ್ಲ ಓದಿದ್ದೆ, ಮನೆಯಲ್ಲಿ ಹೇಳಿದ್ದೆ, ನಿಮ್ಮೆದುರು ಸುಳ್ಳೂ ಹೇಳಿದೆ ಎಂದು ಒಪ್ಪಿಕೊಂಡೆ.

"ಗೊತ್ತಿತ್ರಿ," ಎಂದರು. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆಪರೇಷನ್ ಆಗಿ, ಎದ್ದು ಕೂತ ಮ್ಯಾಲೆ ಅವ್ವಗ ನಾನ ಹೇಳಬೇಕಂತ ಮಾಡಿದ್ದೆ. ಅದೊಂದು ನನ್ನ ಕೈಯಾಗಿತ್ತು."

ತಾಯಿ ಚಹಾ ತಂದು, ಮಗಳಿಗೆ ಕಂಪ್ಯೂಟರ್ ಸರಿಮಾಡಿಕೊಟ್ಟಿರಂತೆ, ಭಾಳ ಉಪಕಾರ ಆಯಿತು ಎಂದರು. ಮೇಡಂ ಕಪ್ಪನ್ನು ನನ್ನ ಕಡೆ ಸರಿಸಿದರು. ಆ ಚಹಾ ಕುಡಿದು ಮುಗಿಸುವುದು ಕಷ್ಟವಾಯಿತು.

ಮೇಡಂ ಈಗ ಗುಣವಾಗಿದ್ದಾರೆ, ಮೊದಲಿನಂತೆ ಪಾಠ ಹೇಳುತ್ತಾರೆ. ಎದುರಾದಾಗ ನಮಸ್ಕಾರವೂ ಇದೆ. ಲ್ಯಾಪ್‌ಟಾಪ್ ಕೆಟ್ಟರೆ ಮಾತ್ರ ಇಳಕಲ್ಲಿನ ಅಂಗಡಿಗೆ ಒಯ್ದು, ಕೆಲಸ ಮುಗಿಯುವ ತನಕ ಅಲ್ಲೇ ಕೂತಿರುತ್ತಾರಂತೆ.